ಕಾಳಿ ಕಣಿವೆಯಲ್ಲಿ ಡೈನೋಸಾರ್ ಮೂಳೆ ಏಕೆ ಸಿಗುವುದಿಲ್ಲ

ಭಾರತದ ನಕ್ಷೆಯ ಮೇಲೆ ಡೈನೋಸಾರ್ ಪಳೆಯುಳಿಕೆ ಸಿಕ್ಕ ಊರುಗಳನ್ನು ಗುರುತು ಹಾಕುತ್ತ ಹೋದರೆ ಜಬಲ್ಪುರ, ಗುಜರಾತಿನ ಬಾಲಾಸಿನೋರ್ ಮತ್ತು ಖೇಡಾ, ವಿದರ್ಭದ ಪಿಸ್ದುರಾ, ಪ್ರಾಣಹಿತಾ–ಗೋದಾವರಿ ಕಣಿವೆ, ಜೈಸಲ್ಮೇರ್, ತಮಿಳುನಾಡಿನ ಅರಿಯಲೂರು ಸೀಮೆ, ಹೀಗೆ ಒಂದು ದೊಡ್ಡ ಬಳಸುದಾರಿಯೇ ಆಗುತ್ತದೆ. ಕರ್ನಾಟಕದ ಬಹುಭಾಗ ಈ ಗುರುತುಗಳ ನಡುವಿನ ಖಾಲಿ ಜಾಗದಲ್ಲಿದೆ. ಅದರಲ್ಲೂ ಉತ್ತರ ಕನ್ನಡದ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ಡೈನೋಸಾರಿನ ಒಂದು ಹಲ್ಲಿನ ಚೂರೂ ನೆಲದಿಂದ ಎದ್ದು ಬಂದಿಲ್ಲ. ಬರುವ ಸಂಭವವೂ ಇಲ್ಲವೆಂದೇ ಹೇಳಬೇಕು. ಇದನ್ನು ಕೇಳಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ. ಆ ಪ್ರಾಣಿಗಳು ಈ ಕಡೆ ಸುಳಿದೇ ಇರಲಿಲ್ಲ ಎಂಬುದು ಒಂದು. ಇದ್ದವು, ಆದರೆ ಕಾಡಿನೊಳಗೆ ಯಾರೂ ಸರಿಯಾಗಿ ಹುಡುಕಿಲ್ಲ ಎಂಬುದು ಇನ್ನೊಂದು. ನನ್ನ ವಾದವೆಂದರೆ ಎರಡೂ ಸರಿಯಲ್ಲ. ಇಲ್ಲಿ ಇಲ್ಲದೇ ಹೋದದ್ದು ಪ್ರಾಣಿಯಲ್ಲ, ಅದರ ಮೂಳೆಯನ್ನು ಮುಚ್ಚಿ ಕಾಪಾಡಬೇಕಿದ್ದ ಹೂಳು. ಪಳೆಯುಳಿಕೆ ಯಾವುದೇ ಇರಲಿ, ಮೊದಲು ಹೇಳುವುದು ಒಂದು ಜೀವ ಹೇಗೆ ಹೂತುಹೋಯಿತು ಎಂಬುದನ್ನು. ಅದು ಹೇಗೆ ಬದುಕಿತ್ತು ಎಂಬುದು ಆಮೇಲಿನ ಮಾತು. ಈ ಕ್ರಮವನ್ನು ಮರೆತರೆ ಖಾಲಿ ನಕ್ಷೆಯನ್ನು ಖಾಲಿ ನಾಡು ಎಂದು ತಿಳಿಯುವ ತಪ್ಪಾಗುತ್ತದೆ.

ಮೊದಲು ಕಲ್ಲಿನ ವಯಸ್ಸು. ಡೈನೋಸಾರ್‌ಗಳು ಭೂಮಿಯ ಮೇಲೆ ಕಾಣಿಸಿಕೊಂಡದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ; ಹಕ್ಕಿಗಳನ್ನು ಬಿಟ್ಟು ಉಳಿದವು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ಆ ಮೂಳೆ ಸಿಗಬೇಕಾದರೆ ಈ ಎರಡು ಗಡುವುಗಳ ನಡುವೆ ಪದರಪದರವಾಗಿ ಕೂತ ಕಲ್ಲೇ ಬೇಕು. ಕಾಳಿ ನದಿ ಹರಿಯುವ ಈ ಸೀಮೆಯ ಕಲ್ಲುಗಳ ಲೆಕ್ಕವೇ ಬೇರೆ. ಜೋಯಿಡಾ ತಾಲ್ಲೂಕಿನ ಅಂಚಿನಲ್ಲಿ, ಗೋವಾಕ್ಕೆ ಇಳಿಯುವ ಅನಮೋಡ ಘಾಟದ ಗ್ರಾನೈಟ್ ಜಾತಿಯ ಕಲ್ಲಿಗೆ 1987ರಲ್ಲಿ ಪ್ರಕಟವಾದ ವಿಕಿರಣಮಾಪನ ಕೊಟ್ಟ ವಯಸ್ಸು ಸುಮಾರು 340 ಕೋಟಿ ವರ್ಷ. ಅದರ ಮೇಲೆ ಕೂತಿರುವ, ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರನ್ನು ಹೊತ್ತ ಧಾರವಾಡ ಶಿಲಾಸಮೂಹವೂ 250 ಕೋಟಿ ವರ್ಷಕ್ಕಿಂತ ಹಳೆಯದು. ಅಂದರೆ ಮೊದಲ ಡೈನೋಸಾರ್ ಹುಟ್ಟುವ ಹೊತ್ತಿಗೇ ಇಲ್ಲಿನ ಕಲ್ಲಿಗೆ ಇನ್ನೂರು ಕೋಟಿ ವರ್ಷ ಮೀರಿ ವಯಸ್ಸಾಗಿತ್ತು. ಮೂಳೆ ಎಂಬ ವಸ್ತುವೇ ಲೋಕದಲ್ಲಿ ಇಲ್ಲದಿದ್ದಾಗ ಗಟ್ಟಿಯಾದ ಕಲ್ಲಿನಲ್ಲಿ ಮೂಳೆ ಹುಡುಕುವುದು ವ್ಯರ್ಥ. ಹಾಗೆಂದು ಆ ಕಲ್ಲು ನಿರ್ಜೀವ ಕಾಲದ್ದೆಂದೂ ತಿಳಿಯಬೇಕಿಲ್ಲ. ಇದೇ ಧಾರವಾಡ ಶಿಲಾಸಮೂಹಕ್ಕೆ ಸೇರಿದ ಚಿತ್ರದುರ್ಗ ಮತ್ತು ಸಂಡೂರು ಪಟ್ಟಿಗಳ ಸುಣ್ಣದಕಲ್ಲು, ಡಾಲಮೈಟುಗಳಲ್ಲಿ ಸ್ಟ್ರೊಮಾಟೊಲೈಟುಗಳು ಸಿಕ್ಕಿವೆ. ಆಳವಿಲ್ಲದ ಸಮುದ್ರದ ತಳದಲ್ಲಿ ಲೋಳೆಯಂತೆ ಹರಡಿಕೊಂಡ ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಕಟ್ಟಿ ಎಬ್ಬಿಸಿದ ಗುಬ್ಬಿಗಳು ಅವು. ಕೊಯ್ದ ಕಲ್ಲಿನ ಮೈಮೇಲೆ ಒಂದರೊಳಗೊಂದು ಕಮಾನಿನಂತೆ ಬಾಗಿದ ತೆಳು ಗೆರೆಗಳಾಗಿ ಕಾಣುತ್ತವೆ. ಕರ್ನಾಟಕದ ಅತಿ ಹಳೆಯ ಜೀವದ ಕುರುಹು ಎಂದು ತೋರಿಸಬಹುದಾದದ್ದು ಅದು. ಅದಕ್ಕೆ ಹೋಲಿಸಿದರೆ ಡೈನೋಸಾರ್ ನಿನ್ನೆ ಮೊನ್ನೆಯದು. ಪ್ರಾಗೈತಿಹಾಸಿಕ ಜೀವನ ಎಂದರೆ ಡೈನೋಸಾರ್ ಎಂದಷ್ಟೇ ಎಣಿಸುವ ನಮ್ಮ ಶಾಲಾಪುಸ್ತಕಗಳ ಅಭ್ಯಾಸಕ್ಕೆ ಧಾರವಾಡ ಶಿಲೆಗಳು ಒಳ್ಳೆಯ ಉತ್ತರ.

ಯಾರೂ ಹುಡುಕಿಲ್ಲ ಎಂಬ ಆಕ್ಷೇಪವನ್ನು ಇಲ್ಲೇ ತೀರಿಸಿಬಿಡಬಹುದು. ಬೆಳಗಾವಿ, ಧಾರವಾಡ, ಕಲಾದಗಿ ಸೀಮೆಗಳನ್ನೊಳಗೊಂಡ ದಕ್ಷಿಣ ಮರಾಠಾ ಪ್ರಾಂತದ ಭೂವಿವರವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲೇ ಪ್ರಕಟಿಸಿದ. ಆಮೇಲೆ ಅದಿರಿಗಾಗಿ, ಅಣೆಕಟ್ಟುಗಳಿಗಾಗಿ, ರೈಲುಮಾರ್ಗಕ್ಕಾಗಿ ಈ ಗುಡ್ಡಗಳನ್ನು ಅಗೆದವರು, ಕೊರೆದವರು, ಸುರಂಗ ಹೊಡೆದವರು ಕಡಿಮೆಯೇನಲ್ಲ. ಎಷ್ಟು ಅಗೆದರೂ ಕೆಳಗೆ ಸಿಗುವುದು ಕಾವು, ಒತ್ತಡಗಳಿಗೆ ಸಿಕ್ಕಿ ರೂಪಾಂತರಗೊಂಡ ಅದೇ ಪುರಾತನ ಕಲ್ಲು. ಇದಕ್ಕಿಂತ ಚುರುಕಾದ ಆಕ್ಷೇಪ ಇನ್ನೊಂದಿದೆ: ತಳದ ಕಲ್ಲು ಹಳೆಯದಿರಲಿ, ಅದರ ಮೇಲೆ ಡೈನೋಸಾರ್ ಕಾಲದ ಹೊಸ ಪದರವೊಂದು ಕೂತು, ಎಲ್ಲೋ ಒಂದೆಡೆ ತುಣುಕಾಗಿ ಉಳಿದಿರಬಾರದೇಕೆ? ಇದಕ್ಕೆ ಉತ್ತರ ಸಿಗುವುದು ಸ್ವಲ್ಪ ಉತ್ತರಕ್ಕೆ, ಬೆಳಗಾವಿ ಜಿಲ್ಲೆಯಲ್ಲಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದಲ್ಲಿ ಉಕ್ಕಿ ಹರಿದ ಲಾವಾ, ಅಂದರೆ ದಖ್ಖನ್ ಬಸಾಲ್ಟ್ ಎಂಬ ಕರಿಕಲ್ಲು, ದಕ್ಷಿಣದಲ್ಲಿ ಬಂದು ನಿಂತದ್ದು ಈ ಜಿಲ್ಲೆಯಲ್ಲಿ. ಆ ಲಾವಾ ಏನನ್ನು ಮುಚ್ಚಿತೋ ಅದೇ ಡೈನೋಸಾರ್ ಕಾಲದ ಕೊನೆಯ ನೆಲ. ಕರಿಕಲ್ಲಿನ ಬುಡದಲ್ಲಿ ನೋಡಿದರೆ ಬಹುತೇಕ ಕಡೆ ಅದು ಕುಳಿತಿರುವುದು ಧಾರವಾಡ ಶಿಲೆಯ ಮೇಲೆ, ಇಲ್ಲವೇ ಕಲಾದಗಿ ಮರಳುಗಲ್ಲಿನ ಮೇಲೆ, ನೇರವಾಗಿ. ನಡುವಿನ ನೂರಾರು ಕೋಟಿ ವರ್ಷಗಳ ಪದರಗಳೇ ಇಲ್ಲ. ಅಲ್ಲೊಂದು ಇಲ್ಲೊಂದು ತೆಳುವಾದ ಜೇಡಿ, ಜಲ್ಲಿ ಇದ್ದರೆ ಹೆಚ್ಚು. ಬೆಳಗಾವಿಯಲ್ಲೇ ಹೀಗಿದ್ದ ಮೇಲೆ, ಲಾವಾದ ಮುಚ್ಚಳವೂ ಸಿಗದೆ ಅಂದಿನಿಂದ ಇಂದಿನವರೆಗೆ ಮಳೆಗೆ ಮೈಯೊಡ್ಡಿ ನಿಂತ ಹಳಿಯಾಳ, ಜೋಯಿಡಾಗಳಲ್ಲಿ ಅಂಥ ಪದರ ಉಳಿದಿದೆ ಎನ್ನಲು ಆಧಾರ ಕಾಣುವುದಿಲ್ಲ. ಇಲ್ಲಿ ನೆಲದ ಮೇಲೆ ಹೊಸದಾಗಿ ಇರುವುದೆಂದರೆ ಚಿರೇಕಲ್ಲು. ಅದು ಎಲ್ಲಿಂದಲೋ ಬಂದು ಕೂತ ಪದರವಲ್ಲ, ತಳದ ಕಲ್ಲೇ ಮಳೆ ಬಿಸಿಲಿಗೆ ಕೊಳೆತು ಆದದ್ದು. ಸಂಡೂರಿನ ಮ್ಯಾಂಗನೀಸ್ ಅದಿರಿನ ಖನಿಜಗಳ ವಯಸ್ಸು ಅಳೆದ ಸಂಶೋಧಕರು ಅಲ್ಲಿಯ ಚಿರೇಕಲ್ಲು ಮಾಡಿದ ಕೊಳೆತ ಮೂರು ಕೋಟಿ ವರ್ಷಗಳ ಆಸುಪಾಸಿನಲ್ಲಿ ಜೋರಾಗಿತ್ತೆಂದು 2014ರಲ್ಲಿ ತೋರಿಸಿದರು. ಹಾಗಾಗಿ ನಮ್ಮ ಮನೆಗಳ ಗೋಡೆಗೆ ಬಳಸುವ ಈ ಕಲ್ಲೂ ಡೈನೋಸಾರ್‌ಗಳು ಹೋದ ಎಷ್ಟೋ ಕಾಲದ ಮೇಲಿನ ಬೆಳೆ ಎಂದೇ ತಿಳಿಯಬೇಕು.

ಮೂಳೆ ಉಳಿಯುವುದು ಎಷ್ಟು ಕಷ್ಟ ಎಂಬುದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಸತ್ತ ಒಂದು ಕಾಡುಕೋಣವನ್ನು ಎಣಿಸಿಕೊಂಡರೆ ಸಾಕು. ಮಾಂಸ ಕೆನ್ನಾಯಿ, ಹಂದಿ, ಹುಳಗಳ ಪಾಲಾಗುತ್ತದೆ. ಉಳಿದ ಮೂಳೆಯನ್ನು ಮುಳ್ಳುಹಂದಿ ಹಲ್ಲು ಮಸೆಯಲು ಕಡಿಯುತ್ತದೆ. ಮುಂಗಾರು ಸುರಿಯುವ ತಿಂಗಳುಗಳಲ್ಲಿ ಬೂಸು, ಬೇರು ಹತ್ತುತ್ತವೆ. ಚಿರೇಕಲ್ಲು ಮಣ್ಣಿನ ಹುಳಿಗುಣ ಮೂಳೆಯ ಸುಣ್ಣವನ್ನೇ ಕರಗಿಸುತ್ತದೆ. ಕೆಲವೇ ವರ್ಷಗಳಲ್ಲಿ ಅಷ್ಟು ದೊಡ್ಡ ಪ್ರಾಣಿಯ ಗುರುತೂ ಇರುವುದಿಲ್ಲ. ಅದೇ ಕೋಣ ಸೂಪಾ ಜಲಾಶಯದ ಅಂಚಿನಲ್ಲಿ ಸತ್ತು, ಪ್ರವಾಹ ಹೊತ್ತು ತಂದ ಹೂಳಿನಡಿ ಆ ವರ್ಷವೇ ಮುಚ್ಚಿಹೋದರೆ ಮಾತು ಬೇರೆಯಾಗಬಹುದು. 101 ಮೀಟರ್ ಎತ್ತರದ ಆ ಅಣೆಕಟ್ಟು ಘಟ್ಟದ ಮೇಲೆ ಒಂದು ಕೃತಕ ತಗ್ಗನ್ನು ಮಾಡಿದೆ, ಹೂಳು ಅಲ್ಲಿ ನಿಲ್ಲುತ್ತಿದೆ. ಅಣೆಕಟ್ಟು ಇಲ್ಲದಿದ್ದ ಕೋಟ್ಯಂತರ ವರ್ಷ ಡಿಗ್ಗಿಯ ಕಡೆಯಿಂದ ಹೊರಟ ಕಾಳಿ, ಅದಕ್ಕೂ ಹಿಂದಿನ ಹೆಸರಿಲ್ಲದ ಹೊಳೆಗಳು, ಇಲ್ಲಿನ ಮಣ್ಣನ್ನು ಕೊಚ್ಚಿ ಸಮುದ್ರಕ್ಕೆ ಒಯ್ದವು. ಘಟ್ಟದ್ದು ಕೊಡುವ ನೆಲ, ಇಟ್ಟುಕೊಳ್ಳುವ ನೆಲವಲ್ಲ. ಪಳೆಯುಳಿಕೆ ಸಿಕ್ಕ ಊರುಗಳೆಲ್ಲ ಇಟ್ಟುಕೊಂಡ ನೆಲಗಳು: ನದಿಯ ಮುಖಜಭೂಮಿ, ಕೆರೆಯ ತಳ, ಪ್ರವಾಹದ ಬಯಲು.

ಹೂಳಿನ ಈ ಪಾತ್ರವನ್ನು ಖೇಡಾ ಜಿಲ್ಲೆಯ ಒಂದು ಕಲ್ಲಿನಷ್ಟು ಸ್ಪಷ್ಟವಾಗಿ ಬೇರೇನೂ ತೋರಿಸಲಾರದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಧನಂಜಯ ಮೊಹಬೆ 1980ರ ದಶಕದಲ್ಲಿ ಹೊರತೆಗೆದ ಆ ಹಾಸಿನಲ್ಲಿ ಮೊಟ್ಟೆಗಳೂ ಪುಟ್ಟ ಮೂಳೆಗಳೂ ಇದ್ದವು. ಎಲ್ಲವೂ ಡೈನೋಸಾರಿನವೆಂದು ಬಹುಕಾಲ ನಂಬಲಾಗಿತ್ತು. 2001ರಲ್ಲಿ ಅಮೆರಿಕದ ಜೆಫ್ರಿ ವಿಲ್ಸನ್ ಅದನ್ನು ನೋಡುವಾಗ ಕೆಲವು ಮೂಳೆಗಳು ಹಾವಿನ ಬೆನ್ನೆಲುಬಿನ ಮಣಿಗಳೆಂದು ಗುರುತಿಸಿದರು. 2010ರಲ್ಲಿ ಪೂರ್ಣ ವಿವರ ಪ್ರಕಟವಾಯಿತು: ಮೂರೂವರೆ ಮೀಟರ್ ಉದ್ದದ ಹಾವೊಂದು ಒಡೆದ ಮೊಟ್ಟೆಯನ್ನು ಸುತ್ತಿಕೊಂಡು ಮಲಗಿದೆ, ಪಕ್ಕದಲ್ಲೇ ಆಗ ತಾನೇ ಹೊರಬಂದ, ಅರ್ಧ ಮೀಟರ್ ಉದ್ದದ, ಟೈಟನೋಸಾರ್ ಎಂಬ ಸಸ್ಯಾಹಾರಿ ಡೈನೋಸಾರಿನ ಮರಿ. ಹಾವಿಗೆ ಸನಾಜೆ ಇಂಡಿಕಸ್ ಎಂದು ಹೆಸರಿಟ್ಟರು. ಬೇಟೆ ಮುಗಿಯುವ ಮುಂಚೆ ಮಳೆಗೆ ಸಡಿಲಾದ ಕೆಸರು ನುಗ್ಗಿ ಹಾವು, ಮರಿ, ಮೊಟ್ಟೆಗಳನ್ನು ಒಟ್ಟಿಗೆ ಮುಚ್ಚಿತು. ಬೇಟೆಯ ಸುದ್ದಿ ನಮಗೆ ತಲುಪಿದ್ದು ಕೆಸರಿನಿಂದ. ಇದರ ವಿರುದ್ಧದ ಉದಾಹರಣೆ ಅರಿಯಲೂರು ಸೀಮೆಯ ಕಲ್ಲಮೇಡಿನದು. ಯಾದಗಿರಿ ಮತ್ತು ಅಯ್ಯಸಾಮಿ ಎಂಬ ಇಬ್ಬರು ಭೂವಿಜ್ಞಾನಿಗಳು 1980ರ ದಶಕದ ಕೊನೆಯಲ್ಲಿ ಬೃಹತ್ಕಾಯೋಸಾರಸ್ ಎಂದು ಹೆಸರಿಸಿದ ಆ ಪ್ರಾಣಿಯ ಮೊಣಕಾಲ ಕೆಳಗಿನ ಮೂಳೆಯೊಂದೇ ಸುಮಾರು ಎರಡು ಮೀಟರ್ ಉದ್ದ. ಏಳು ಕೋಟಿ ವರ್ಷದ ಆಸುಪಾಸು ಮಣ್ಣಿನಡಿ ಉಳಿದು ಬಂದ ಮೂಳೆ ನೆಲದಿಂದ ಹೊರಬಂದ ಮೇಲೆ ಮಳೆ, ಹವೆಗಳಿಗೆ ಪುಡಿಯಾಗಿ ಹೋಯಿತು. ಲೋಕದ ಅತಿ ದೊಡ್ಡ ನೆಲದ ಪ್ರಾಣಿಗಳ ಪಟ್ಟಿಯಲ್ಲಿ ಅದನ್ನು ಸೇರಿಸಬೇಕೋ ಬೇಡವೋ ಎಂಬ ಜಗಳ ಈಗ ಚಿತ್ರ, ಅಳತೆಗಳ ಮೇಲೆ ನಡೆಯುತ್ತಿದೆ. ಮೂಳೆ ಗಟ್ಟಿ, ಕಾಲ ನಿಧಾನ ಎಂದುಕೊಂಡವರು ಈ ಎರಡು ಪ್ರಕರಣಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು.

ಹಾಗಾದರೆ ಮೂಳೆಯಿಲ್ಲದೆ ಡೈನೋಸಾರ್ ಇಲ್ಲಿತ್ತು ಎನ್ನುವುದು ಊಹೆಯಲ್ಲದೆ ಮತ್ತೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಊಹೆ ಹೌದು, ಆದರೆ ಎಲ್ಲ ಊಹೆಗಳ ತೂಕ ಒಂದೇ ಅಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಯಿಂದ ಕಡಿದುಕೊಂಡು ಹೋಯಿತು. ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಆ ಬಿರುಕಿನ ಕಾಲದ ಜ್ವಾಲಾಮುಖಿಯವು. ಆಮೇಲೆ ಭಾರತ ದೊಡ್ಡ ದ್ವೀಪದಂತೆ ಉತ್ತರಕ್ಕೆ ತೇಲುತ್ತಿದ್ದಾಗ, ಅದರ ಉತ್ತರದ ತುದಿಗೆ ಸಮೀಪದ ಜಬಲ್ಪುರದಲ್ಲೂ ದಕ್ಷಿಣದ ಅರಿಯಲೂರಿನಲ್ಲೂ ಟೈಟನೋಸಾರ್‌ಗಳಿದ್ದವು, ಅವನ್ನು ತಿನ್ನುವ ಎರಡು ಕಾಲಿನ ಮಾಂಸಾಹಾರಿಗಳೂ ಇದ್ದವು. ಈ ಎರಡು ತುದಿಗಳ ನಡುವೆ, ಒಂದೇ ಭೂಖಂಡದ ಮೇಲೆ ಧಾರವಾಡ ಶಿಲೆಯ ಎತ್ತರದ ನೆಲ. ನಡುವೆ ಸಮುದ್ರವಿರಲಿಲ್ಲ, ಸಮುದ್ರವಿದ್ದಿದ್ದರೆ ಅದು ತನ್ನ ಹೂಳನ್ನು ಬಿಟ್ಟು ಹೋಗುತ್ತಿತ್ತು. ಹತ್ತಾರು ಟನ್ ತೂಗುವ, ದಿನವಿಡೀ ಮೇಯುವ ಪ್ರಾಣಿ ಎರಡು ತುದಿಗಳಲ್ಲಿ ಬದುಕಿ ನಡುವಿನ ಹಸಿರು ನೆಲವನ್ನು ಮಾತ್ರ ಬಿಟ್ಟಿತ್ತು ಎನ್ನುವುದೇ ಹೆಚ್ಚು ಸಾಹಸದ ಊಹೆ. ಬೇಕಾದರೆ ಇದನ್ನು ತಪ್ಪೆಂದು ತೋರಿಸಲೂಬಹುದು: ಆ ಕಾಲದಲ್ಲಿ ಇಲ್ಲಿ ದಾಟಲಾಗದ ಮರಳುಗಾಡೋ ಒಳಸಮುದ್ರವೋ ಇತ್ತೆಂಬ ಗುರುತು ಸಿಕ್ಕರೆ ಸಾಕು. ಅಂಥ ಗುರುತಿಲ್ಲ. ಆ ತೇಲಿದ ಭೂಖಂಡ ಸುಮಾರು ಐದು ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಗುದ್ದಿದ್ದರಿಂದ ಹಿಮಾಲಯವೂ ಟಿಬೆಟ್ ಪ್ರಸ್ಥಭೂಮಿಯ ಈಗಿನ ಎತ್ತರವೂ ಆದವು. 1966ರಿಂದ ಮುಂಡಗೋಡದಲ್ಲಿ ನೆಲೆಸಿರುವ ಟಿಬೆಟನ್ನರ ತಾಯ್ನಾಡಿನ ಪೂರ್ವಭಾಗದ ಚಾಮ್ಡೊ ಸೀಮೆಯಲ್ಲಿ ಡೈನೋಸಾರ್ ಮೂಳೆಗಳು ಸಿಕ್ಕಿವೆ. ಮೂಳೆ ಇರುವ ನಾಡಿನಿಂದ ಮೂಳೆ ಇಲ್ಲದ ನಾಡಿಗೆ ಬಂದವರು ಅವರು. ಆ ಪ್ರಾಣಿಗಳು ಬದುಕಿದ್ದಾಗ ಎರಡು ನಾಡುಗಳ ನಡುವೆ ಒಂದಿಡೀ ಸಾಗರವಿತ್ತು.

ಇಲ್ಲಿನ ಆ ಕಾಲದ ಬದುಕು ಹೇಗಿತ್ತೆಂದು ತಿಳಿಯಲು ನೆರೆಹೊರೆಯ ಸಾಕ್ಷಿಗಳನ್ನು ಕರೆಯಬೇಕಾಗುತ್ತದೆ. ಲಾವಾ ಒಂದೇ ಸಲ ಹರಿದದ್ದಲ್ಲ. ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ಸಾವಿರಾರು ವರ್ಷಗಳ ಬಿಡುವಿದ್ದಾಗ ಕರಿಕಲ್ಲಿನ ಮೇಲಿನ ತಗ್ಗುಗಳಲ್ಲಿ ಕೆರೆಗಳಾದವು, ಅವುಗಳ ಹೂಳಿನ ಮೇಲೆ ಮುಂದಿನ ಲಾವಾ ಹರಡಿತು. ಇಂಥ ಪದರಗಳು ಬೆಳಗಾವಿ ಜಿಲ್ಲೆಯ ಮಮದಾಪುರದಲ್ಲೂ ಯಾದಗಿರಿ ಜಿಲ್ಲೆಯ ಗುರುಮಠಕಲ್ ಸುತ್ತಲೂ ಸಿಕ್ಕಿವೆ. ಅವುಗಳಲ್ಲಿರುವುದು ಸಿನಿಮಾಕ್ಕೆ ಒಗ್ಗುವ ಪ್ರಾಣಿಯಲ್ಲ: ಎಳ್ಳುಕಾಳಿಗಿಂತ ಚಿಕ್ಕದಾದ ಎರಡು ಚಿಪ್ಪಿನ ಆಸ್ಟ್ರಕೋಡ್, ಕೆರೆ ತಳದ ಪಾಚಿಯಂಥ ಸಸ್ಯದ ಬೀಜಕೋಶ, ಮೀನಿನ ಹಲ್ಲು ಹುರುಪೆ. ಆದರೆ ನೀರು ಸಿಹಿಯೋ ಉಪ್ಪೋ, ನಿಂತದ್ದೋ ಹರಿಯುವುದೋ ಎಂಬುದನ್ನು ಡೈನೋಸಾರಿನ ತೊಡೆಮೂಳೆಗಿಂತ ಖಚಿತವಾಗಿ ಹೇಳುವುದು ಇವೇ. ಗುರುಮಠಕಲ್‌ನಿಂದ ಗಡಿ ದಾಟಿದರೆ ಸಿಗುವ ತೆಲಂಗಾಣದ ವಿಕಾರಾಬಾದ್ ಸೀಮೆಯ ನಸ್ಕಲ್‌ನಲ್ಲಿ ಇದೇ ಬಗೆಯ ಕೆಸರನ್ನು ತೊಳೆದು ಸೋಸಿದಾಗ ಮಿಲಿಮೀಟರ್ ಅಳತೆಯ ಹಲ್ಲುಗಳು ಸಿಕ್ಕವು. ಅವು ಭಾರತದಲ್ಲಿ ಸಿಕ್ಕ ಕ್ರಿಟೇಶಿಯಸ್ ಕಾಲದ, ಅಂದರೆ ಡೈನೋಸಾರ್ ಯುಗದ ಕೊನೆಯ ಭಾಗದ, ಮೊದಲ ಸಸ್ತನಿಯವೆಂದು 1988ರಲ್ಲಿ ಪಳೆಯುಳಿಕೆ ತಜ್ಞರಾದ ಪ್ರಸಾದ್ ಮತ್ತು ಅಶೋಕ್ ಸಾಹ್ನಿ ಪ್ರಕಟಿಸಿ, ಅದಕ್ಕೆ ಡೆಕ್ಕನೊಲೆಸ್ಟಿಸ್ ಎಂದು ಹೆಸರಿಟ್ಟರು. ಇಲಿಯಷ್ಟು ಗಾತ್ರದ ಆ ಪ್ರಾಣಿಯ ಕಣಕಾಲಿನ ಮೂಳೆಗಳು ಮರ ಹತ್ತುವ ಪ್ರಾಣಿಯವನ್ನು ಹೋಲುತ್ತವೆ. ಮರ ಹತ್ತುವ ಪ್ರಾಣಿ ಇದ್ದಲ್ಲಿ ಮರಗಳೂ ಇದ್ದವೆಂದಾಯಿತು.

ಹುಲ್ಲಿನ ಮಾತಂತೂ ಇನ್ನೂ ಸ್ವಾರಸ್ಯದ್ದು. ಡೈನೋಸಾರ್ ಚಿತ್ರಗಳಲ್ಲಿ ಹುಲ್ಲು ಬರೆಯಬಾರದು, ಅದು ಆಮೇಲೆ ಬಂದದ್ದು ಎಂಬುದು ಚಿತ್ರಕಾರರಿಗೆ ಬಹಳ ಕಾಲ ಹೇಳಿಕೊಟ್ಟ ನಿಯಮ. ಪಿಸ್ದುರಾದಲ್ಲಿ ಹೇರಳವಾಗಿ ಸಿಗುವ ಕಲ್ಲಾದ ಲದ್ದಿಯನ್ನು ವಂದನಾ ಪ್ರಸಾದ್ ಮತ್ತು ಸಂಗಡಿಗರು ಕರಗಿಸಿ ನೋಡಿದಾಗ ಹುಲ್ಲಿನ ಎಲೆಯಲ್ಲಿ ಬೆಳೆಯುವ ಸಿಲಿಕಾ ಕಣಗಳು ಸಿಕ್ಕವು. 2005ರ ಆ ವರದಿ ನಿಯಮವನ್ನು ಮುರಿಯಿತು. 2011ರಲ್ಲಿ ಅಂಥ ಕಣಗಳಲ್ಲಿ ಕೆಲವು ಭತ್ತದ ಬಳಗದ ಹುಲ್ಲಿಗೆ ಸೇರಿದವೆಂದೂ ತೋರಿಸಲಾಯಿತು. ಹಳಿಯಾಳ, ಮುಂಡಗೋಡದ ಗದ್ದೆಗಳಲ್ಲಿ ಭತ್ತದ ಗರಿ ಸವರಿದರೆ ಕೈ ಕೊಯ್ಯುವುದು ಇದೇ ಸಿಲಿಕಾದಿಂದ. ಎಲೆ ಕೊಳೆತರೂ ಆ ಕಣ ಕೊಳೆಯುವುದಿಲ್ಲ, ಆನೆಗಾತ್ರದ ಹೊಟ್ಟೆಯಲ್ಲಿ ಅರೆದು ಹೊರಬಿದ್ದರೂ ಆಕಾರ ಕೆಡುವುದಿಲ್ಲ. ಲದ್ದಿ ಟೈಟನೋಸಾರಿನದೇ ಎನ್ನಲು ಪಕ್ಕದಲ್ಲಿ ಸಿಕ್ಕ ಮೂಳೆಗಳೇ ಮುಖ್ಯ ಆಧಾರ. ಬೇರೆ ಪ್ರಾಣಿಯದೂ ಇರಬಹುದೆಂಬ ಸಂಶಯಕ್ಕೆ ಎಡೆಯಿದೆ. ಯಾರ ಲದ್ದಿಯಾದರೂ ಹುಲ್ಲಿನ ಕಾಲ ಬದಲಾಗುವುದಿಲ್ಲ. ತಲೆಬುರುಡೆಗೆ ಸಿಗುವ ಗೌರವ ಲದ್ದಿಗೆ ಸಿಗದಿರುವುದು ವಸ್ತುಸಂಗ್ರಹಾಲಯಗಳ ದೋಷ. ಒಂದು ನಾಡಿನ ಮೇವು, ಹವೆ, ಮಳೆಗಳ ವಿಚಾರ ಕೇಳಬೇಕಾದದ್ದು ಲದ್ದಿಯನ್ನೇ.

ಮೊಟ್ಟೆಗಳ ಸಾಕ್ಷಿ ಕಾಳಿ ತೀರದವರಿಗೆ ಬೇಗ ಅರ್ಥವಾಗುವಂಥದ್ದು. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಟೈಟನೋಸಾರ್‌ಗಳ 92 ಗೂಡು, ಅವುಗಳಲ್ಲಿ 256 ಮೊಟ್ಟೆಗಳನ್ನು ಗುರುತಿಸಿದ ವರದಿ 2023ರ ಜನವರಿಯಲ್ಲಿ ಪ್ರಕಟವಾಯಿತು. ಮೊಟ್ಟೆಗಳು ಗೇಣಗಲಕ್ಕಿಂತ ಕಡಿಮೆ. ಆಳವಿಲ್ಲದ ಕುಣಿ ತೋಡಿ ಇಟ್ಟು ಮುಚ್ಚಿದಂತೆ ಅವುಗಳ ಜೋಡಣೆ. ದಾಂಡೇಲಿಯಲ್ಲಿ ಕಾಳಿಯ ದಂಡೆಯ ಮೇಲೆ ಬಿಸಿಲು ಕಾಯುವ ಮೊಸಳೆಗಳೂ ಹೀಗೆ ದಡದಲ್ಲಿ ಕುಣಿ ತೋಡಿ ಮೊಟ್ಟೆ ಮುಚ್ಚುತ್ತವೆ. ಕಾವು ಕೊಡುವುದು ಬಿಸಿಲು ಮತ್ತು ಮಣ್ಣು. ಆದರೆ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಬೇಕು. ತಾಯಿ ಮೊಸಳೆ ಗೂಡನ್ನು ಕಾಯುತ್ತದೆ, ಮರಿಗಳ ಕೂಗು ಕೇಳಿ ಮಣ್ಣು ಕೆದರುತ್ತದೆ. ಧಾರ್‌ನ ಗೂಡುಗಳಾದರೋ ಒಂದಕ್ಕೊಂದು ಎಷ್ಟು ಹತ್ತಿರವೆಂದರೆ ನಡುವೆ ಅಷ್ಟು ದೊಡ್ಡ ತಾಯಿ ಕಾಲಿಡಲು ಜಾಗವಿಲ್ಲ. ಮೊಟ್ಟೆಯಿಟ್ಟು ಹೊರಟು ಹೋಗುತ್ತಿದ್ದವು ಎಂಬುದು ಸಂಶೋಧಕರ ತೀರ್ಮಾನ, ನನಗೂ ಅದು ಸರಿಯೆನಿಸುತ್ತದೆ. ಬದುಕಿರುವ ಪ್ರಾಣಿಯಿಂದ ಅಳಿದ ಪ್ರಾಣಿಯ ನಡತೆಯನ್ನು ಊಹಿಸುವಾಗ ಕೊನೆಯ ಮಾತು ಪಳೆಯುಳಿಕೆಯದೇ ಆಗಬೇಕು ಎಂಬುದಕ್ಕೆ ಇದು ತಕ್ಕ ನಿದರ್ಶನ.

ಆ ಎಚ್ಚರಿಕೆ ಇಟ್ಟುಕೊಂಡರೆ ಈ ನಾಲ್ಕು ತಾಲ್ಲೂಕುಗಳು ಡೈನೋಸಾರ್ ಅಧ್ಯಯನಕ್ಕೆ ತೀರ ಬರಡೇನಲ್ಲ. ಮೊಸಳೆಗಳೂ ಹಕ್ಕಿಗಳೂ ಡೈನೋಸಾರ್‌ಗಳೂ ಒಂದೇ ಮೂಲದ ಕವಲುಗಳು. ಹಕ್ಕಿ ಡೈನೋಸಾರಿನ ದಾಯಾದಿಯಷ್ಟೇ ಅಲ್ಲ, ಉಳಿದುಬಂದ ಡೈನೋಸಾರೇ ಎಂಬುದು 1996ರಲ್ಲಿ ಚೀನಾದ ಸಿನೋಸಾರಾಪ್ಟರಿಕ್ಸ್‌ನ ಮೈಮೇಲೆ ಗರಿಯ ಎಳೆಗಳು ಕಂಡ ಮೇಲೆ ಹೆಚ್ಚು ತಕರಾರಿಲ್ಲದೆ ಒಪ್ಪಿತವಾಗಿದೆ. ಮೊಸಳೆ ಮತ್ತು ಹಕ್ಕಿ ಎರಡರಲ್ಲೂ ಕಾಣುವ ಗುಣ, ಉದಾಹರಣೆಗೆ ನಾಲ್ಕು ಕೋಣೆಗಳ ಹೃದಯ, ನಡುವಿನ ಡೈನೋಸಾರ್‌ಗಳಲ್ಲೂ ಇತ್ತೆಂದು ಧೈರ್ಯವಾಗಿ ಹೇಳಬಹುದು, ಹೃದಯ ಕಲ್ಲಾಗಿ ಉಳಿಯದಿದ್ದರೂ. ಒಂದರಲ್ಲಿ ಮಾತ್ರ ಕಾಣುವ ಗುಣಕ್ಕೆ ಬೇರೆ ಸಾಕ್ಷಿ ಬೇಕು. ದಾಂಡೇಲಿಯಲ್ಲಿ ಹೊಳೆಯ ಮೊಸಳೆಯೂ ಅದರ ಮೇಲೆ ಹಾರುವ ಮಂಗಟ್ಟೆಯೂ ಒಂದೇ ನೋಟಕ್ಕೆ ಸಿಗುತ್ತವೆ. 2011ರಲ್ಲಿ ಘೋಷಣೆಯಾದ ಮಂಗಟ್ಟೆ ಸಂರಕ್ಷಣಾ ಮೀಸಲಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ, ಮುಂಡಗೋಡದ ಅತ್ತಿವೇರಿಯಲ್ಲಿ ನೀರಹಕ್ಕಿಗಳ ಧಾಮವಿದೆ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ತನ್ನನ್ನು ತಾನೇ ಮುಚ್ಚಿಕೊಂಡು, ಗಂಡು ತಂದುಕೊಡುವ ಹಣ್ಣು ತಿಂದು ಮರಿಮಾಡುವುದನ್ನು ಯಾವ ಮೂಳೆಯೂ ಹೇಳಲಾರದು. ಅಂಥ ಎಷ್ಟು ನಡತೆಗಳು ಡೈನೋಸಾರ್‌ಗಳೊಂದಿಗೆ ಗುರುತಿಲ್ಲದೆ ಹೋದವೋ ಎಂಬ ಯೋಚನೆ ಪಳೆಯುಳಿಕೆ ಶಾಸ್ತ್ರಕ್ಕೆ ಒಳ್ಳೆಯ ವಿನಯ ಕಲಿಸುತ್ತದೆ.

ಕಲ್ಲು ಹೇಳದ್ದನ್ನು ವಂಶವಾಹಿ ಹೇಳುವುದೂ ಉಂಟು. ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್‌ನ ಹೆಸರಿನಲ್ಲೇ ಒಂದು ಕಪ್ಪೆಯಿದೆ: 2005ರಲ್ಲಿ ಇಂದ್ರನೀಲ್ ದಾಸ್ ಮತ್ತು ಕೃಷ್ಣಮೇಘ ಕುಂಟೆ ವಿವರಿಸಿದ ನಿಕ್ಟಿಬ್ಯಾಟ್ರಾಕಸ್ ಪೆಟ್ರಿಯಸ್. ಹಳ್ಳದ ಬಂಡೆಗಳ ಸಂದಿನ ಈ ರಾತ್ರಿಗಪ್ಪೆಯ ಬಳಗ ಪಶ್ಚಿಮ ಘಟ್ಟವನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಉಳಿದ ಕಪ್ಪೆಗಳಿಂದ ಅದು ಕವಲೊಡೆದದ್ದು ಡೈನೋಸಾರ್ ಯುಗದ ಕೊನೆಯ ಭಾಗದಲ್ಲಿ ಎಂದು ಹಲವು ಲೆಕ್ಕಾಚಾರಗಳು ಸೂಚಿಸುತ್ತವೆ. ಬೆಳಗಾವಿ–ಗೋವಾ ಗಡಿಯ ಚೋರ್ಲಾ ಕಡೆಯಿಂದ 2007ರಲ್ಲಿ ವಿವರಿಸಿದ, ಎರೆಹುಳುವಿನಂತೆ ಕಾಣುವ ಕಾಲಿಲ್ಲದ ಉಭಯಚರಿ ಗೆಜೆನಿಯೋಫಿಸ್ ಮ್ಹಾದೇಯೆನ್ಸಿಸ್‌ನ ಭಾರತದ ಹೊರಗಿನ ಹತ್ತಿರದ ನೆಂಟರು ಇರುವುದು ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪಗಳಲ್ಲಿ. ಮಣ್ಣಿನೊಳಗೆ ಬದುಕುವ ಈ ಜೀವಿ ಸಾಗರ ಈಜಿ ಹೋಗಲಾರದು; ಲಾವಾ ಹರಿದ ಕಾಲದ ಆಸುಪಾಸಿನಲ್ಲಿ ಸೆಶೆಲ್ಸ್ ಭಾರತದಿಂದ ಬೇರ್ಪಡುವಾಗ ಎರಡೂ ಕಡೆ ಅದರ ಪೂರ್ವಜರು ಇದ್ದರೆನ್ನುವುದೇ ಸರಳ ವಿವರಣೆ. ಇವನ್ನು ಜೀವಂತ ಪಳೆಯುಳಿಕೆ ಎಂದು ಕರೆಯುವುದಕ್ಕೆ ಜೀವಶಾಸ್ತ್ರಜ್ಞರು ಒಪ್ಪುವುದಿಲ್ಲ, ಅವರ ಆಕ್ಷೇಪ ಸರಿಯಾದದ್ದೇ. ಇಂದಿನ ಕಪ್ಪೆ ಅಂದಿನದಲ್ಲ, ಅದೂ ಬದಲಾಗುತ್ತಲೇ ಬಂದಿದೆ. ವಂಶವಾಹಿಯ ಗಡಿಯಾರವೂ ಒಂದು ಲೆಕ್ಕಾಚಾರಕ್ಕೂ ಇನ್ನೊಂದಕ್ಕೂ ಕೆಲವು ಕೋಟಿ ವರ್ಷ ಹಿಂದೆ ಮುಂದೆ ಆಗುತ್ತದೆ. ನನಗೆ ಬೇಕಾದದ್ದು ಅಷ್ಟು ನಿಖರತೆಯಲ್ಲ. ಹತ್ತಿರದಲ್ಲೇ ಲಾವಾ ಉಕ್ಕುತ್ತಿದ್ದಾಗ, ಮೆಕ್ಸಿಕೋದಲ್ಲಿ ಉಲ್ಕೆ ಬಿದ್ದು ಜಗತ್ತಿನ ಹವೆ ಕೆಟ್ಟಾಗ, ದಕ್ಷಿಣ ಭಾರತದಲ್ಲಿ ಎಲ್ಲೋ ನೀರು, ನೆರಳು, ತೇವ ಉಳಿದಿದ್ದವು. ಇಲ್ಲವಾದರೆ ತೆಳು ಚರ್ಮದ ಈ ವಂಶಗಳು ದಾಟಿ ಬರುತ್ತಿರಲಿಲ್ಲ. ಲಾವಾ ಮುಚ್ಚದ ಧಾರವಾಡದ ಎತ್ತರದ ನೆಲ ಅಂಥ ಆಸರೆಗಳಲ್ಲಿ ಒಂದಾಗಿತ್ತೆಂದು ಎಣಿಸುವುದು ಅಸಂಗತವಲ್ಲ.

ಇನ್ನು ಹುಡುಕುವವರಿಗೆ ಇಲ್ಲಿ ಏನೂ ಇಲ್ಲವೇ ಎಂದರೆ, ಡೈನೋಸಾರನ್ನು ಬಿಟ್ಟು ಕಣ್ಣು ಬೇರೆಡೆ ಹಾಯಿಸಬೇಕು. ಕರ್ನಾಟಕದಲ್ಲಿ ಡೈನೋಸಾರಿಗೆ ಕೈಹಾಕುವುದಾದರೆ ಗುರುಮಠಕಲ್ ಸುತ್ತಿನ ಕರಿಕಲ್ಲಿನ ನಡುವಣ, ಬುಡದ ಪದರಗಳನ್ನು ನಸ್ಕಲ್‌ನಲ್ಲಿ ಮಾಡಿದಂತೆ ಟನ್‌ಗಟ್ಟಲೆ ತೊಳೆದು ಸೋಸಬೇಕು. ಕಾಳಿ ಸೀಮೆಯಲ್ಲಿ ಆಸೆಯಿಡಬಹುದಾದದ್ದು ಕಳೆದ ಕೆಲವು ಲಕ್ಷ ವರ್ಷಗಳ ಪ್ರಾಣಿಗಳ ಮೇಲೆ. ಇದಕ್ಕೆ ಮೇಲ್ಪಂಕ್ತಿಯಿದೆ. ಹಳಿಯಾಳದಿಂದ ಉತ್ತರಕ್ಕೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ, ಗೋಕಾಕದ ಹತ್ತಿರದ ಚಿಕ್ಕದೌಲಿಯಲ್ಲಿ ಸಿಕ್ಕ ಮೂಳೆ ಹಲ್ಲುಗಳನ್ನು ಪರೀಕ್ಷಿಸಿ ಬ್ರೂಸ್ ಫೂಟ್ 1874ರಲ್ಲಿ ರೈನೋಸೆರಸ್ ಡೆಕ್ಕನೆನ್ಸಿಸ್ ಎಂಬ ಘೇಂಡಾಮೃಗವನ್ನು ವಿವರಿಸಿದ. ಘಟಪ್ರಭೆಯ ಸೀಮೆಯಲ್ಲಿ ಘೇಂಡಾಮೃಗ ಮೇಯುತ್ತಿತ್ತೆಂದು ಹೇಳುವುದು ಆ ಹೂಳು ಮಾತ್ರ. ಅದೇ ಫೂಟ್ ಮುಂದೆ 1884ರಲ್ಲಿ ಕರ್ನೂಲು ಸೀಮೆಯ ಬಿಲ್ಲಾಸುರ್ಗಂ ಸುಣ್ಣದಗುಹೆಗಳ ನೆಲ ಅಗೆಸಿ, ಅಲ್ಲಿಂದ ಎಷ್ಟೋ ಬಗೆಯ ಪ್ರಾಣಿಗಳ ಮೂಳೆ ಹೊರಗೆ ತೆಗೆದ. ಸುಣ್ಣದ ನೀರು ಮಣ್ಣಿನ ಹುಳಿಯನ್ನು ಮುರಿಯುವುದರಿಂದ ಗುಹೆಯ ನೆಲದಲ್ಲಿ ಮೂಳೆ ಉಳಿಯುತ್ತದೆ. ದಾಂಡೇಲಿಯ ಬಳಿಯ ಕವಳೆ ಗುಹೆಯಲ್ಲಿ ಸುಣ್ಣಾಂಶ ತೊಟ್ಟಿಕ್ಕಿ ಬೆಳೆದ ಕಲ್ಲು ಶಿವಲಿಂಗವಾಗಿ ಪೂಜೆಗೊಳ್ಳುತ್ತದೆ; ಅದು ದೇವಸ್ಥಾನವೂ ಹೌದು, ಕಾಡಿನೊಳಗಿನ ಸ್ಥಳವೂ ಹೌದು. ಹೀಗಾಗಿ ಅಲ್ಲಿ ಗುದ್ದಲಿ ಹಾಕುವುದು ಸುಲಭವೂ ಅಲ್ಲ, ಉಚಿತವೂ ಅಲ್ಲ. ಆದರೆ ಗುಹೆಯ ಗೋಡೆಯ ಹಳೆಯ ಮಣ್ಣನ್ನು ಮುಟ್ಟದೆ ನೋಡಿ ದಾಖಲಿಸಲು, ಹೊಳೆದಂಡೆಗಳ ಮೇಲ್ಮಟ್ಟದಲ್ಲಿ ಉಳಿದಿರುವ ಹಳೆಯ ಜಲ್ಲಿ ದಿಬ್ಬಗಳನ್ನು ಬೇಸಿಗೆಯಲ್ಲಿ ನಡೆದು ಪರಿಶೀಲಿಸಲು ದೊಡ್ಡ ಹಣವೇನೂ ಬೇಡ. ಧಾರವಾಡದ ಭೂವಿಜ್ಞಾನ ವಿದ್ಯಾರ್ಥಿಗಳ ಒಂದು ತಂಡ ಮತ್ತು ಅರಣ್ಯ ಇಲಾಖೆಯ ಅನುಮತಿ ಇದ್ದರೆ ಒಂದೆರಡು ಬೇಸಿಗೆಗಳಲ್ಲಿ ಆಗುವ ಕೆಲಸ ಅದು.